ಸೊಟ್ಟ ಕಿರುಬೆರಳು

ಆ ದಿನ ಮ್ಯೂಸಿಯಂಗೆ ವಾರದ ರಜೆ. ಹಾಗಾಗಿ ನಮ್ಮವರು ಮ್ಯೂಸಿಯಂಗೆ ಹೊರಟರು.

ಓದಿದವರಿಗೆ ನಗು ಬರಬಹುದು. ನನಗೆ ಇಪ್ಪತ್ತಾರು ವರ್ಷ ಆ ನಗು ಬರಲಿಲ್ಲ. ಅವರು ಅಲ್ಲಿ ಕಾವಲುಗಾರರು. ಮೇಲಿನ ಮಹಡಿಯಲ್ಲಿ ಹಳೆಯ ಚಿತ್ರಗಳ ಎರಡನೇ ಕೋಣೆ, ಬಾಗಿಲ ಪಕ್ಕ ಒಂದು ಸ್ಟೂಲು. ಆರು ದಿನ ಆ ಚಿತ್ರಗಳನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುವುದು ಕೆಲಸ. ಏಳನೇ ದಿನ ಪರವಾನಗಿ ಚೀಟಿ ತೋರಿಸಿ ಒಳಗೆ ಹೋಗಿ, ಅವನ್ನೇ ನೋಡಿ ಬರೆಯುವುದು ರಜೆ.

"ರೀ, ಬಚ್ಚಲ ನಲ್ಲಿ ತೊಟ್ಟಿಕ್ತಿದೆ. ಒಂದು ವಾರದಿಂದ ಹೇಳ್ತಿದೀನಿ," ಎಂದೆ.

"ಸಂಜೆ ನೋಡ್ತೀನಿ ಕಣೇ. ಇವತ್ತು ಮೊಣಕಾಲು ಮುಗಿಸ್ಬೇಕು."

"ಯಾರ ಮೊಣಕಾಲು?"

"ಮುನ್ನೂರು ವರ್ಷದ ಹಿಂದೆ ಸತ್ತೋನದು."

"ಹಾಗಾದ್ರೆ ಅವನಿಗೇನೂ ಅರ್ಜೆಂಟಿಲ್ಲ. ನಲ್ಲಿಗಿದೆ."

ನಗುತ್ತಾ ಹೋದರು. ಸಂಜೆ ಬಂದು ನಲ್ಲಿಗೆ ಹೊಸ ವಾಷರ್ ಹಾಕಿದರು. ಊಟಕ್ಕೆ ಕೂತಾಗ, "ಮೊಣಕಾಲು ಇವತ್ತು ಸರಿಯಾಗಿ ಮಡಚ್ಕೊಳ್ತು," ಎಂದರು. ನಾನು "ಹೂಂ" ಎಂದೆ. ಅಷ್ಟೇ. ಇನ್ನೂ ಏನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಮರುದಿನ ಅದೇ ಸ್ಟೂಲಿನ ಮೇಲೆ ಕೂತಲ್ಲೇ ಅವರ ಎದೆಬಡಿತ ನಿಂತಿತು. ತಲೆ ಗೋಡೆಗೆ ಒರಗಿತ್ತಂತೆ. ಜನ ಬಂದರು, ಚಿತ್ರ ನೋಡಿದರು, ಹೋದರು. ಒಬ್ಬರು ಕೆಳಗಿಳಿದು ದೂರಿನ ಪುಸ್ತಕದಲ್ಲಿ ಬರೆದರು: ಮೇಲಿನ ಕಾವಲುಗಾರ ಕೆಲಸದ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದಾನೆ. ಆ ದೂರು ಓದಿ ಬೈಯಲು ಮೇಲೆ ಹೋದವರಿಗೇ ವಿಷಯ ಗೊತ್ತಾದದ್ದು. ಆ ಸಾಲನ್ನು ಈವರೆಗೆ ಯಾರೂ ಹೊಡೆದು ಹಾಕಿಲ್ಲ. ನಾನು ಹೋಗಿ ನೋಡಿ ಬಂದಿದ್ದೇನೆ.

ಆಮೇಲೆ ಮ್ಯೂಸಿಯಂನವರು ತಮ್ಮ ಪತ್ರಿಕೆಯಲ್ಲಿ ನಮ್ಮವರ ಬಗ್ಗೆ ನಾಲ್ಕು ಸಾಲು ಹಾಕಿದರು. ನಿಷ್ಠಾವಂತ ನೌಕರ. ಬಿಡುವಿನಲ್ಲಿ ಚಿತ್ರ ನಕಲು ಮಾಡುವ ಹವ್ಯಾಸವಿತ್ತು. ಸ್ವಂತ ಕಲ್ಪನೆಯ ಹಂಬಲವಿಲ್ಲದ ವಿನಯವಂತ. ಮಗಳು ಓದಿ ಹೇಳಿದಾಗ ಇನ್ನೊಂದು ಸಲ ಓದು ಎಂದೆ. ನಾನು ಐದನೇ ಕ್ಲಾಸಿನವರೆಗೆ ಓದಿದವಳು, ಬರೆದು ರೂಢಿಯಿಲ್ಲ. ಆ ನಾಲ್ಕು ಸಾಲು ಹಾಗೇ ಉಳಿಯಬಾರದು ಎಂದು ಬರೆಯುತ್ತಿದ್ದೇನೆ.

ಅವರು ಓದಿದ್ದೂ ಕಡಿಮೆ. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಅಕ್ಷರ ಮುತ್ತಿನಂತೆ, ಮನುಷ್ಯರನ್ನು ಬರೆದರೆ ಹಿಟ್ಟಿನ ಮೂಟೆ. ಔಷಧಿ ಅಂಗಡಿಯ ಬೋರ್ಡಿಗೆ ತಾಯಿ ಮಗು ಬರೆದುಕೊಟ್ಟಾಗ ಅಂಗಡಿಯವನು, "ಮಗುಗೆ ಹುಷಾರಿಲ್ಲ ಅಂತ ಗೊತ್ತಾಗುತ್ತೆ. ತಾಯಿಗೂ ಇಲ್ವಾ?" ಎಂದನಂತೆ. ಆ ಮಾತು ಅವರನ್ನು ಚುಚ್ಚಿತು. ಕಾವಲುಗಾರರ ಕೆಲಸ ಸಿಕ್ಕಾಗ ಸಂಬಳ ಕೇಳುವ ಮೊದಲು ಯಾವ ಕೋಣೆ ಎಂದು ಕೇಳಿದರು.

ಮೊದಲ ವರ್ಷ ಬರೀ ಕಿವಿ. ಎರಡನೇ ವರ್ಷ ಕೈ, ಕಾಲು. ಒಂದೇ ಪಾದವನ್ನು ನಲವತ್ತು ಸಲ ಬರೆದರು. ಗಾರೆಯವರ ಹಾಗೆ ದಾರಕ್ಕೆ ಗುಂಡು ಕಟ್ಟಿ ಚಿತ್ರದ ಎದುರು ಹಿಡಿಯುತ್ತಿದ್ದರು. ನಿಂತ ಮನುಷ್ಯನ ಗಂಟಲಿನಿಂದ ಇಳಿಬಿಟ್ಟ ದಾರ ಭಾರ ಹೊತ್ತ ಹಿಮ್ಮಡಿಗೆ ಬರಬೇಕು, ಇಲ್ಲದಿದ್ದರೆ ಅವನು ಬೀಳುತ್ತಾನೆ ಎನ್ನುತ್ತಿದ್ದರು. ಅದನ್ನು ಪರೀಕ್ಷೆ ಮಾಡಲು ನಾನು ಒಲೆ ಮುಂದೆ ನಿಂತಾಗಲೂ ದಾರ ಹಿಡಿದುಕೊಂಡು ಬರುವುದು.

"ಒಂದು ಕಾಲಿನ ಮೇಲೆ ಭಾರ ಹಾಕು."

"ನಾನೇನು ಕೊಕ್ಕರೆನಾ?"

"ಒಂದು ನಿಮಿಷ ಕಣೇ."

"ಹಾಲು ಉಕ್ಕಿದ್ರೆ ಆ ದಾರದಲ್ಲೇ ಒರಸ್ತೀರಾ?"

ಉಕ್ಕುತ್ತಿತ್ತು. ಒರಸುತ್ತಿದ್ದರು.

ನೆರಳನ್ನು ತೆಳ್ಳಗೆ ಹಚ್ಚಬೇಕು, ಬೆಳಕನ್ನು ದಪ್ಪಗೆ. ಇದನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ. ಸ್ಟೂಲಿನ ಮೇಲೆ ಕೂತು, ಸಂಜೆ ಕಿಟಕಿಯ ಬಿಸಿಲು ಚಿತ್ರಗಳ ಮೇಲೆ ಓರೆಯಾಗಿ ಬಿದ್ದಾಗ ಉಬ್ಬು ತಗ್ಗು ನೋಡಿ ಕಲಿತರು. ಚಿತ್ರಕಲಾ ಶಾಲೆಯ ಹುಡುಗರು ಬಂದು ಹತ್ತು ನಿಮಿಷ ನಿಂತು ಹೋಗುವ ಜಾಗದಲ್ಲಿ ಇವರು ಹತ್ತು ವರ್ಷ ಕೂತರು. ಇದಕ್ಕೆ ಹವ್ಯಾಸ ಎಂದು ಹೆಸರು.

ಆ ಕೋಣೆಯ ದೊಡ್ಡ ಚಿತ್ರದಲ್ಲಿ ಇಬ್ಬರಿದ್ದಾರೆ. ಕಾಯಿಲೆಯ ಮುದುಕ, ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿರುವ ಕೆಲಸದ ಹೆಂಗಸು. ಅವಳ ಒಂದು ಕೈ ಅವನ ಬೆನ್ನ ಹಿಂದಿದೆ. ಇಡೀ ಚಿತ್ರದ ಭಾರ ಆ ಕೈ ಮೇಲೆ. ಆದರೆ ಮೇಲೆ ಬಳಿದಿದ್ದ ವಾರ್ನಿಷ್ ಹಳೆಯದಾಗಿ ಕಪ್ಪಾಗಿ, ಕೈ ಇರುವ ಕಡೆ ಒಂದು ಕರಿ ಉಂಡೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಟಾರ್ಚು ಬಿಟ್ಟು ನೋಡಿದರು. ಭೂತಗನ್ನಡಿ ಹಿಡಿದರು. ಇಲ್ಲ.

ಮ್ಯೂಸಿಯಂಗೆ ನಿಯಮವಿದೆ. ನಕಲು ಮೂಲಕ್ಕಿಂತ ಒಂದು ಗೇಣು ಚಿಕ್ಕದಿರಬೇಕು, ಹಿಂದೆ "ನಕಲು" ಎಂಬ ಮೊಹರು ಬೀಳಬೇಕು. ಇದ್ದದ್ದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು. ನಮ್ಮವರು ಸೇರಿಸಿದರು. ಉಂಡೆ ಬರೆಯಲು ಮನಸ್ಸು ಬರಲಿಲ್ಲ. ಮನೆಗೆ ಬಂದು, ಎಂಟು ವರ್ಷದ ಮಗಳನ್ನು ಮಂಚದ ಮೇಲೆ ಕೂರಿಸಿ, ಅವಳ ಬೆನ್ನಿಗೆ ನನ್ನ ಕೈ ಕೊಟ್ಟು ಹಿಡಿಯಲು ಹೇಳಿದರು.

"ಪೂರ್ತಿ ಭಾರ ಬಿಡು ಮಗಳೇ. ಅಮ್ಮ ಬೀಳ್ಸಲ್ಲ."

"ಅಮ್ಮನ ಕೈ ಸೊಟ್ಟ ಇದೆ ಅಪ್ಪ. ಚುಚ್ಚುತ್ತೆ."

ನಾನು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುತ್ತೇನೆ. ಹಾಸಿಗೆ ಬಟ್ಟೆಗಳನ್ನು ಬಿಸಿ ರೋಲರಿಗೆ ಕೊಡುವಾಗ ಒಮ್ಮೆ ಕಿರುಬೆರಳು ಸಿಕ್ಕಿಕೊಂಡಿತ್ತು. ಮೂಳೆ ಸರಿಯಾಗಿ ಕೂಡಲಿಲ್ಲ. ಮೇಲಿನ ಗೆಣ್ಣಿನಿಂದ ಹೊರಕ್ಕೆ ತಿರುಗಿದೆ, ಮನೆಯವರ ಮೇಲೆ ಮುನಿಸಿಕೊಂಡವರ ಹಾಗೆ. ಮೂರು ಸಂಜೆ ಹಾಗೆ ಹಿಡಿದಿದ್ದೆ. ಅವರು ಬೆರಳನ್ನು ನೆಟ್ಟಗೆ ಮಾಡದೆ ಇದ್ದ ಹಾಗೇ ಬರೆದರು. "ನೆಟ್ಟಗೆ ಬರೀರಿ, ನಿಮ್ಮ ಗಂಟೇನು ಹೋಗುತ್ತೆ?" ಎಂದೆ. "ಭಾರ ಹೊರೋ ಕೈ ಇದು. ಹೀಗೇ ಇರ್ಲಿ," ಎಂದರು.

ಹತ್ತು ವರ್ಷ ಆ ನಕಲು ನಮ್ಮ ಮಂಚದ ಮೇಲಿನ ಗೋಡೆಯಲ್ಲಿತ್ತು. ಬಂದವರು ನೋಡಿ, "ಮುದುಕ ಯಾರು, ನಿಮ್ಮ ಮಾವನಾ?" ಎನ್ನುತ್ತಿದ್ದರು.

ಆರು ವರ್ಷದ ಹಿಂದೆ ಮ್ಯೂಸಿಯಂ ಮಾಳಿಗೆಯ ನೀರಿನ ಪೈಪು ಒಡೆದು, ಆ ದೊಡ್ಡ ಚಿತ್ರದ ಮೇಲೆ ನೀರಿಳಿಯಿತು. ಸರಿಯಾಗಿ ಕೈ ಇದ್ದ ಕಡೆ ಬಣ್ಣ ಹಪ್ಪಳದ ಹಾಗೆ ಎದ್ದು ಉದುರಿತು. ಹಳೆಯ ಚಿತ್ರ ರಿಪೇರಿ ಮಾಡುವ ಹೆಂಗಸೊಬ್ಬರು ಹೊರಗಿನಿಂದ ಬಂದರು. ಹಳೆಯ ಫೋಟೊ ನೋಡಿದರೆ ಅದೇ ಕರಿ ಉಂಡೆ. ನಿರ್ದೇಶಕರು ನಮ್ಮವರನ್ನು ಕರೆಸಿದರು. "ನಿನ್ನ ಹತ್ರ ಒಂದು ನಕಲು ಇದೆಯಲ್ಲ, ತಗೊಂಡು ಬಾ." ತೆಗೆದುಕೊಂಡು ಹೋದರು. ಎರಡು ತಿಂಗಳು ಅಲ್ಲೇ ಇಟ್ಟುಕೊಂಡು, ಅದನ್ನು ನೋಡಿ ಕೈ ಬರೆದು, ವಾಪಸ್ ಕಳಿಸಿದರು.

ಆ ಹೆಂಗಸು ಕೇಳಿದ್ದರಂತೆ: "ಈ ಬೆರಳು ಯಾಕೆ ಹೀಗಿದೆ?"

"ನನಗೆ ಕಂಡಿದ್ದು ಹಾಗೆ ಮೇಡಂ," ಎಂದರಂತೆ ನಮ್ಮವರು.

ನನಗೆ ಅವರ ಮೇಲೂ ಕೋಪವಿದೆ. ಸತ್ತವರ ಮೇಲೆ ಕೋಪ ಮಾಡಬಾರದು ಎನ್ನುತ್ತಾರೆ, ಮಾಡುತ್ತೇನೆ. "ಹೇಳ್ಬಾರ್ದಿತ್ತೇನ್ರೀ, ಇದು ನನ್ನ ಹೆಂಡ್ತಿ ಕೈ ಅಂತ?" ಎಂದು ಅವತ್ತೇ ಜಗಳ ತೆಗೆದಿದ್ದೆ. "ಇಲ್ಲದ್ದನ್ನ ಸೇರಿಸಿದೀಯ ಅಂತ ಪರವಾನಗಿ ಕಿತ್ಕೊಳ್ತಾರೆ ಕಣೇ. ನನ್ನ ವಾರ ಹೋಗುತ್ತೆ," ಎಂದರು. ಅವರಿಗೆ ಕೆಲಸ ಹೋಗುವ ಭಯಕ್ಕಿಂತ ಆ ಒಂದು ದಿನ ಹೋಗುವ ಭಯ ಹೆಚ್ಚು.

ಆ ರಿಪೇರಿಯಲ್ಲಿ ಇನ್ನೊಂದಾಯಿತು. ಕಪ್ಪು ವಾರ್ನಿಷ್ ಪೂರಾ ತೆಗೆದರು. ಒಳಗೆ ಮೈಬಣ್ಣ ತಣ್ಣಗೆ, ತಿಳಿಗುಲಾಬಿ, ಅಲ್ಲಲ್ಲಿ ನೀಲಿ. ನಮ್ಮವರು ಅಷ್ಟು ವರ್ಷ ವಾರ್ನಿಷ್ಷಿನ ಹಳದಿಯನ್ನೇ ಮೈಬಣ್ಣ ಎಂದುಕೊಂಡು ಜೇನಿನ ಬಣ್ಣ ಕಲಸಿ ಕಲಸಿ ಹಚ್ಚಿದ್ದರು. ಆ ಸಂಜೆ ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಕೂತರು.

"ಇಪ್ಪತ್ತು ವರ್ಷ ನಾನು ಕೊಳೆ ಬರೆದೆ ಕಣೇ."

ಆಗ ಅವರಿಗೆ ಐವತ್ತೊಂದು. ಮರುವಾರ ಚಿತ್ರದ ಚೌಕಟ್ಟಿಗೆ ಹೊಸ ಬಟ್ಟೆ ಬಿಗಿದು, ಕಿವಿಯಿಂದ ಮತ್ತೆ ಶುರು ಮಾಡಿದರು. ಆ ಕೊನೆಯ ದಿನದ ಮೊಣಕಾಲು ಹಾಗೆ ಶುರುವಾದದ್ದು. ಇವರಿಗೆ ಹಂಬಲವಿರಲಿಲ್ಲವಂತೆ.

ಸಂತಾಪ ಸಭೆ ಅದೇ ಕೋಣೆಯಲ್ಲಿ ನಡೆಯಿತು. ಸ್ಟೂಲಿನ ಮೇಲೆ ಅವರ ಫೋಟೊ ಇಟ್ಟಿದ್ದರು. ನಿರ್ದೇಶಕರು ಒಳ್ಳೆಯ ಕಾವಲುಗಾರ, ನಕಲುಗಾರ ಎಂದೆಲ್ಲ ಹೇಳಿ, ನಂತರ ಬಂದವರಿಗೆ ತಮ್ಮ ಬೆನ್ನ ಹಿಂದಿದ್ದ ಆ ದೊಡ್ಡ ಚಿತ್ರ ತೋರಿಸಿದರು. "ನಮ್ಮ ಗೆಳೆಯ ದಿನವೂ ಕಾದದ್ದು ಇದನ್ನು. ಈ ಬೆರಳು ನೋಡಿ. ದುಡಿದು ಸೊಟ್ಟಗಾದ ಬೆರಳು. ಇದನ್ನು ಬರೆದ ಅಂದಿನ ಗುರುವಿನ ಕಣ್ಣು ಎಷ್ಟು ಸೂಕ್ಷ್ಮ. ಹೀಗೆ ನೋಡುವುದು ನಕಲಿನಿಂದ ಬರುವುದಿಲ್ಲ." ಈ ಚಿತ್ರಗಳ ಮೇಲೆ ನಿರ್ದೇಶಕರು ಬರೆದ ಪುಸ್ತಕದಲ್ಲೂ ಒಂದು ಪುಟ ಆ ಬೆರಳಿನ ಬಗ್ಗೆಯೇ ಇದೆಯಂತೆ.

ನಾನು ಎದ್ದು ನಿಂತೆ. ಮಗಳು ಸೆರಗು ಎಳೆದಳು. ಮುಂದೆ ಹೋಗಿ ಚಿತ್ರದ ಪಕ್ಕ ನನ್ನ ಕೈ ಹಿಡಿದೆ.

"ಸ್ವಾಮಿ, ಇಲ್ಲೂ ನೋಡಿ. ನಿಮ್ಮ ಗುರುಗಳು ಮುನ್ನೂರು ವರ್ಷದ ಹಿಂದೆ ನಮ್ಮ ಲಾಂಡ್ರಿಗೆ ಬಂದಿದ್ರಾ?"

ಹಿಂದಿನ ಸಾಲಿನಲ್ಲಿ ಒಬ್ಬ ಕಾವಲುಗಾರ ಕೆಮ್ಮಿದ, ನಗು ತಡೆಯಲು ಎಂದು ಕಾಣುತ್ತದೆ. ನಿರ್ದೇಶಕರು ಹತ್ತಿರ ಬಂದು, "ನೀವು ದುಃಖದಲ್ಲಿದೀರಮ್ಮ, ಕೂತ್ಕೊಳಿ. ಯಾರಾದ್ರೂ ನೀರು ತನ್ನಿ," ಎಂದರು. ನನಗೆ ಬಾಯಾರಿರಲಿಲ್ಲ. ದುಃಖದಲ್ಲಿರುವವಳಿಗೆ ತನ್ನ ಬೆರಳು ಮರೆತುಹೋಗುತ್ತದೆಯೇ?

ಮಗಳು ಆ ರಿಪೇರಿಯ ಹೆಂಗಸಿಗೆ ಪತ್ರ ಬರೆದಳು. ಅವರು ಮರ್ಯಾದಸ್ಥರು. ಕೂಡಲೇ ಉತ್ತರ ಬಂತು: ಕೈಯನ್ನು ಕಾವಲುಗಾರರ ನಕಲಿನಿಂದಲೇ ತೆಗೆದುಕೊಂಡದ್ದು, ನನ್ನ ವರದಿಯಲ್ಲಿ ಹಾಗೆಂದು ಬರೆದಿದ್ದೇನೆ, ಕೇಳಿ ಪಡೆಯಿರಿ. ಕೇಳಿದೆವು. ವರದಿ ಕಚೇರಿಯ ಒಳಗಿನದು, ಹೊರಗೆ ಕೊಡುವುದಿಲ್ಲ ಎಂದರು.

ಒಂದು ವಾರ ಕಳೆದು ಕಚೇರಿಯ ಗುಮಾಸ್ತರು ಮನೆಗೆ ಬಂದರು. ಮಂಚದ ಮೇಲಿನ ನಕಲನ್ನು ಮ್ಯೂಸಿಯಂಗೆ ಕೊಟ್ಟುಬಿಡಬೇಕಂತೆ, ಉಗ್ರಾಣದಲ್ಲಿ ಜೋಪಾನವಾಗಿಡುತ್ತಾರಂತೆ.

"ಯಾಕೆ, ಇಲ್ಲಿ ಗೋಡೆಗೆ ಜ್ವರ ಬಂದಿದೆಯಾ?" ಎಂದೆ.

"ಹಾಗಲ್ಲಕ್ಕ. ಮ್ಯೂಸಿಯಂ ಒಳಗೆ ಬರೆದದ್ದು, ಮ್ಯೂಸಿಯಂ ಮೊಹರಿದೆ."

"ಮೊಹರು ತಿರುಗಿಸಿ ಓದಿ. ನಕಲು ಅಂತಿದೆ. ನಕಲಿಗೆ ಇಷ್ಟೊಂದು ಮರ್ಯಾದೆ ಯಾವತ್ತಿನಿಂದ?"

ಗುಮಾಸ್ತರು ಬಡಪಾಯಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಬೇಡ ಎಂದು ಚಹಾ ಕೊಟ್ಟೆ. ಕುಡಿಯುತ್ತಾ ಮೆಲ್ಲಗೆ, "ಅಕ್ಕ, ನಿಮಗೆ ಏನು ಬೇಕು ಹೇಳಿ. ಸಹಾಯಧನ ಏನಾದ್ರೂ..." ಎಂದರು.

"ಚಿತ್ರದ ಕೆಳಗೆ ಒಂದು ಚೀಟಿ ಇದೆಯಲ್ಲ. ಅದರಲ್ಲಿ ಇನ್ನೊಂದು ಸಾಲು. ಈ ಕೈ ಈ ಕೋಣೆಯ ಕಾವಲುಗಾರರು ಬರೆದದ್ದು. ಅಷ್ಟು ಹಾಕಿ, ಆಮೇಲೆ ನಕಲು ತಗೊಂಡು ಹೋಗಿ. ನಾನೇ ಹೊತ್ತು ತಂದುಕೊಡ್ತೀನಿ."

"ಹಾಗೆ ಹಾಕಿದ್ರೆ ಚಿತ್ರದ ಬೆಲೆ ಏನಾಗುತ್ತೆ ಅಕ್ಕ?"

ಮಗಳು ಒಳಗಿನಿಂದ ಬಂದಳು. ಅವಳು ಔಷಧಿ ಅಂಗಡಿಯಲ್ಲಿ ದುಡಿಯುತ್ತಾಳೆ, ಮಾತು ಅಳೆದು ಆಡುವವಳು. "ಅಂಕಲ್, ಆ ಮುದುಕನ ಬೆನ್ನಿನ ಬೆಲೆ ಮಾತ್ರ ಕಡಿಮೆ ಆಗಲ್ಲ. ಅದು ಹಳೆಯದೇ. ನಾನು ಸುಮ್ನೆ ಒರಗಿದ್ದೆ ಅಷ್ಟೇ," ಎಂದಳು. ಗುಮಾಸ್ತರಿಗೆ ಅರ್ಥವಾಗಲಿಲ್ಲ. ನನಗೆ ಎಷ್ಟೋ ದಿನದ ಮೇಲೆ ನಗು ಬಂತು.

ಅವರು ಬರಿಗೈಯಲ್ಲಿ ಹೋದರು. ಹೊಸ ಸಾಲು ಬಂದಿಲ್ಲ. ಎರಡು ವಾರಕ್ಕೊಮ್ಮೆ ಟಿಕೆಟ್ ತೆಗೆದು ಮೇಲೆ ಹೋಗಿ ಚೀಟಿ ಓದಿ ಬರುತ್ತೇನೆ. ಸ್ಟೂಲಿನ ಮೇಲೆ ಈಗ ಬೇರೆಯವರು. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ನಕಲು ಮಂಚದ ಮೇಲೇ ಇದೆ. ನಾನಿರುವವರೆಗೂ ಅಲ್ಲೇ ಇರುತ್ತದೆ, ಆಮೇಲೆ ಮಗಳ ಮನೆಯಲ್ಲಿ. ಆ ಸಾಲು ಬರುವ ದಿನ ಇಳಿಸಿದರಾಯಿತು.

ಅಡುಗೆಮನೆಯ ಕಿಟಕಿಯಲ್ಲಿ ಅವರು ಇಟ್ಟ ಗಾಜಿನ ತಟ್ಟೆ ಇದೆ. ಅದರಲ್ಲಿ ಅಗಸೆ ಎಣ್ಣೆ. ಬಿಸಿಲಿಗಿಟ್ಟು ಗಟ್ಟಿ ಮಾಡಿ ಬಣ್ಣಕ್ಕೆ ಬೆರೆಸುತ್ತಿದ್ದರು, ಬೆಳಕು ದಪ್ಪಗೆ ಕೂರಲೆಂದು. ದಿನಕ್ಕೊಮ್ಮೆ ಕಲಕದಿದ್ದರೆ ಮೇಲೆ ಕೆನೆ ಕಟ್ಟಿ ಕೆಡುತ್ತದೆ. ಅವರು ಹೋದ ಬೆಳಿಗ್ಗೆಯೂ ಕಲಕಿ ಹೋಗಿದ್ದರು. ಅದು ಹದಕ್ಕೆ ಬಂದಾಗ ಶೀಸೆಗೆ ತುಂಬಿ ಮುಚ್ಚಿದೆ, ತಟ್ಟೆ ತೊಳೆದು ಹೊಸ ಎಣ್ಣೆ ಹೊಯ್ದೆ. ಮಗಳು ತಟ್ಟೆಯನ್ನು ಬಿಸಿಲು ಬೀಳುವ ಕಡೆ ಸರಿಸಿಟ್ಟಳು.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ತಟ್ಟೆಗೆ ಮುಚ್ಚಿದ ಗಾಜು ಎತ್ತುತ್ತೇನೆ. ಅದಕ್ಕಂಟಿದ ಹನಿ ಒರಸುತ್ತೇನೆ. ಗಾಜಿನ ಕಡ್ಡಿಯಿಂದ ತಳದವರೆಗೂ ಕಲಕುತ್ತೇನೆ. ಗಾಳಿಯಾಡಲೆಂದು ನಾಲ್ಕು ಮೂಲೆಗೆ ನಾಲ್ಕು ಬೆಂಕಿಕಡ್ಡಿ ಇಟ್ಟು ಮತ್ತೆ ಮುಚ್ಚುತ್ತೇನೆ.