ರಟ್ಟಿನಕ್ಕ ಜಾಗ ಮಾಡಿದ್ದು

ನನ್ನ ದೊಡ್ಡಮ್ಮನನ್ನು ಊರೆಲ್ಲ ಕರೆಯುತ್ತಿದ್ದುದು ರಟ್ಟಿನಕ್ಕ ಎಂದು. ಸಾರ್ವಜನಿಕ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿದವಳು. ಓದಿದ್ದು ಏಳನೇ ತರಗತಿ. ಪುಸ್ತಕದ ಬೆನ್ನಿನ ಮೇಲೆ ಹೆಸರು ಬರೆಯುವ ಕೆಲಸವೂ ಅವಳದೇ. ತನಗೆ ಓದಲು ಬಾರದ ಭಾಷೆಯ ಹೆಸರನ್ನೂ ಒಂದೊಂದೇ ಅಕ್ಷರ ನೋಡಿಕೊಂಡು, ಒಂದು ಚುಕ್ಕೆ ಆಚೀಚೆಯಾಗದಂತೆ ಇಳಿಸುತ್ತಿದ್ದಳು.

"ಅರ್ಥ ಗೊತ್ತಿಲ್ಲದಿದ್ರೆ ಇನ್ನೂ ಒಳ್ಳೇದು ಕಣೇ. ಗೊತ್ತಿರೋ ಪದ ಅಂದ್ರೆ ಕೈ ತಾನೇ ಓಡುತ್ತೆ, ಅಲ್ಲೇ ತಪ್ಪು ಬೀಳೋದು" ಅನ್ನುತ್ತಿದ್ದಳು.

ಯಾವುದೋ ಕಚೇರಿಯವರು ಬೇಡವೆಂದು ಬಿಟ್ಟ ಕಂಪ್ಯೂಟರೊಂದು ಗ್ರಂಥಾಲಯಕ್ಕೆ ಬಂದಾಗ ದೊಡ್ಡಮ್ಮನಿಗೆ ಐವತ್ತೆರಡು. ಓದುವ ಕೋಣೆಯಲ್ಲಿ ಸರಿಯಾಗಿ ಕರೆಂಟ್ ಬರುವ ಪ್ಲಗ್ ಇದ್ದದ್ದು ಅವಳ ಮೇಜಿನ ಪಕ್ಕ ಮಾತ್ರ. ಹಾಗಾಗಿ ಅದನ್ನು ಅಲ್ಲೇ ಕೂರಿಸಿದರು. "ನೀವೇ ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಗ್ರಂಥಪಾಲಕರು ಕೈ ತೊಳೆದುಕೊಂಡರು. ದೊಡ್ಡಮ್ಮ ಬೆಳಿಗ್ಗೆ ಅದನ್ನು ಶುರು ಮಾಡುವುದು, ಸಂಜೆ ಆರಿಸಿ ಬಟ್ಟೆ ಹೊದಿಸುವುದು ಕಲಿತಳು. ಮೊದಲ ವಾರ ಅದರ ಜೊತೆ ಮಾತೂ ಆಡುತ್ತಿದ್ದಳಂತೆ.

ಅದನ್ನು ಹೆಚ್ಚು ಬಳಸುತ್ತಿದ್ದವರು ನರ್ಸಿಂಗ್ ಓದುವ ಮೂವರು ಹುಡುಗಿಯರು. ಅವರ ಪಾಠದ ಪುಟಗಳ ತುಂಬ ಚಿತ್ರಗಳು: ಮೂಳೆ, ನರ, ಹೃದಯದ ಕವಾಟ. ಅಲ್ಲಿನ ಇಂಟರ್ನೆಟ್ಟೋ ಬಸುರಿ ಮೆಟ್ಟಿಲು ಹತ್ತಿದಂತೆ ನಿಂತು ನಿಂತು ಬರುವಂಥದ್ದು. ಒಂದು ಚಿತ್ರ ಮೊದಲ ಸಲ ಪೂರ್ತಿ ಕಾಣಿಸುವಷ್ಟರಲ್ಲಿ ಹುಡುಗಿಯರು ಗಲ್ಲಕ್ಕೆ ಕೈ ಕೊಟ್ಟು ಕೂತಿರುತ್ತಿದ್ದರು. ಎರಡನೇ ಸಲ ತೆರೆದರೆ ತಟ್ಟನೆ ಬರುತ್ತಿತ್ತು. ದೊಡ್ಡಮ್ಮ ಇದನ್ನು ಗಮನಿಸಿದ್ದಳು. ಕಾರಣ ಮಾತ್ರ ಗೊತ್ತಿರಲಿಲ್ಲ.

ಪರೀಕ್ಷೆಗೆ ಹತ್ತು ದಿನ ಇರುವಾಗ ಕಂಪ್ಯೂಟರ್ ಡಿಸ್ಕಿನಲ್ಲಿ ಜಾಗ ಇಲ್ಲವೆಂದು ಹೇಳಿ ಮುಷ್ಕರ ಹೂಡಿತು. ರಿಪೇರಿಯವನು ಬಂದ, ಏನೋ ಒತ್ತಿದ, ಐದು ನಿಮಿಷದಲ್ಲಿ ಸರಿಯಾಯಿತು. ಆದರೆ ಮರುದಿನ ಹುಡುಗಿಯರು ಮತ್ತೆ ಗಲ್ಲಕ್ಕೆ ಕೈ ಕೊಟ್ಟು ಕೂತರು. ನಿನ್ನೆಯವರೆಗೆ ಓಡಿ ಬರುತ್ತಿದ್ದ ಚಿತ್ರಗಳೆಲ್ಲ ಮೊದಲಿನಿಂದ ತೆವಳತೊಡಗಿದ್ದವು. ಅವರಲ್ಲೊಬ್ಬಳು ಕಣ್ಣೀರನ್ನೇ ಹಾಕಿದಳು.

ದೊಡ್ಡಮ್ಮ ರಿಪೇರಿಯವನಿಗೆ ಫೋನ್ ಮಾಡಿ ಅವನನ್ನು ಮತ್ತೆ ಕರೆಸಿದಳು.

"ನಿನ್ನೆ ಏನು ಮಾಡಿದ್ರಿ?"

"ಕ್ಯಾಶ್ ಅಳಿಸಿದೆ ಅಕ್ಕ. ನೋಡಿದ ಪುಟದ ಚಿತ್ರಗಳನ್ನೆಲ್ಲ ಬ್ರೌಸರ್ ಒಂದು ಫೋಲ್ಡರಿನಲ್ಲಿ ಎತ್ತಿಟ್ಟುಕೊಂಡಿರುತ್ತೆ, ಮುಂದಿನ ಸಲ ಬೇಗ ತೋರಿಸೋಕೆ. ಅದೇ ಬೆಳೆದು ಬೆಳೆದು ಸಿ ಡ್ರೈವ್ ತುಂಬಿತ್ತು."

"ಅಳಿಸೋದು ಯಾಕೆ? ಬೇರೆ ಕಡೆ ಇಡೋಕಾಗಲ್ವಾ?"

ಅವನು ನಕ್ಕ. "ಡಿಸ್ಕಿನ ಇನ್ನೊಂದು ಭಾಗ, ಡಿ ಡ್ರೈವ್, ಏನೋ ಖಾಲಿ ಬಿದ್ದಿದೆ. ಆದ್ರೆ ಅದೆಲ್ಲ ನಿಮಗ್ಯಾಕೆ ತಲೆನೋವು? ತುಂಬಿದಾಗ ಕರೀರಿ, ಬಂದು ಅಳಿಸಿ ಕೊಡ್ತೀನಿ."

ಆ ನಗು ಕೇಳಿ ಕಿವಿ ಬಿಸಿಯಾಯಿತು ಎಂದು ದೊಡ್ಡಮ್ಮ ಆಮೇಲೆ ನನ್ನ ಹತ್ತಿರ ಹೇಳಿದ್ದಳು. ಆದರೂ ಬಿಡಲಿಲ್ಲ. ಆ ಫೋಲ್ಡರ್ ಎಲ್ಲಿದೆ ಎಂದು ಅವನಿಂದಲೇ ತೋರಿಸಿಕೊಂಡು, ದಾರಿಯನ್ನು ಚೀಟಿಯಲ್ಲಿ ಬರೆದುಕೊಂಡಳು. ಹುಡುಗಿಯರು ಎರಡು ದಿನ ಕೂತು ಬೇಕಾದ ಚಿತ್ರಗಳನ್ನೆಲ್ಲ ಮತ್ತೆ ತೆರೆದು ನೋಡಿದರು. ಮೂರನೆಯ ದಿನ ದೊಡ್ಡಮ್ಮ ಬ್ರೌಸರ್ ಮುಚ್ಚಿ, ಇಡೀ ಫೋಲ್ಡರನ್ನು ಎತ್ತಿ ಡಿ ಡ್ರೈವಿಗೆ ಸಾಗಿಸಿದಳು. ಸಿ ಡ್ರೈವಿನಲ್ಲಿ ಜಾಗವಾಯಿತು. ಅವಳ ಮುಖ ಊರಗಲವಾಯಿತು.

ಆ ಖುಷಿ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಬ್ರೌಸರ್ ತೆರೆದೊಡನೆ ಹಳೆಯ ಜಾಗದಲ್ಲಿ ಅದೇ ಹೆಸರಿನ ಹೊಸ ಫೋಲ್ಡರ್ ಹುಟ್ಟಿಕೊಂಡಿತ್ತು. ಡಿ ಡ್ರೈವಿನಲ್ಲಿದ್ದ ಗಂಟಿನ ಕಡೆ ಬ್ರೌಸರ್ ತಿರುಗಿಯೂ ನೋಡಿರಲಿಲ್ಲ.

ದೊಡ್ಡಮ್ಮ ಬಹಳ ಹೊತ್ತು ಯೋಚಿಸಿದಳು. ಗ್ರಂಥಾಲಯದಲ್ಲಿ ದಪ್ಪ ಪುಸ್ತಕವನ್ನು ಕಪಾಟಿನಿಂದ ತೆಗೆದು ಹಿಂದಿನ ಕೋಣೆಯಲ್ಲಿಟ್ಟರೆ, ಅದರ ಜಾಗದಲ್ಲಿ "ಹಿಂದಿನ ಕೋಣೆಯಲ್ಲಿದೆ" ಎಂದು ಬರೆದ ರಟ್ಟಿನ ತುಂಡು ನಿಲ್ಲಿಸುವುದು ಅವಳದೇ ಕೆಲಸ. ರಿಪೇರಿಯವನಿಗೆ ಮತ್ತೆ ಫೋನ್ ಮಾಡಿದಳು.

"ಹಳೇ ಜಾಗದಲ್ಲಿ ಒಂದು ಗುರುತು ಇಡೋಕಾಗುತ್ತಾ? ಇಲ್ಲಿ ಹುಡುಕಿದ್ರೆ ಅಲ್ಲಿ ಹೋಗು ಅನ್ನೋ ಹಾಗೆ?"

"ಆಗುತ್ತೆ ಅಕ್ಕ" ಎಂದ ಅವನು. "ಲಿಂಕ್ ಅಂತಾರೆ. ಒಂದೇ ಸಾಲು ಟೈಪ್ ಮಾಡ್ಬೇಕು. ಆದ್ರೆ ಪೂರ್ತಿ ಇಂಗ್ಲಿಷು, ಒಂದಕ್ಷರ ತಪ್ಪಿದ್ರೂ ಆಗಲ್ಲ."

"ಬರೆದು ಕೊಡಿ. ಅಕ್ಷರ ತಪ್ಪಲ್ಲ."

ಸಂಜೆ ಅವನು ಹೋಗುವ ದಾರಿಯಲ್ಲಿ ಆ ಸಾಲು ಗೀಚಿದ ಚೀಟಿ ಕೊಟ್ಟು, ಅದನ್ನು ಎಲ್ಲಿ ಟೈಪ್ ಮಾಡಬೇಕೆಂದು ತೋರಿಸಿ ಹೋದ. ಮರುದಿನ ಬೆಳಿಗ್ಗೆ ದೊಡ್ಡಮ್ಮ ಮತ್ತೆ ಹುಟ್ಟಿದ್ದ ಫೋಲ್ಡರನ್ನು ತೆಗೆದುಹಾಕಿ, ಕನ್ನಡಕ ಏರಿಸಿ, ಒಂದು ಬೆರಳಲ್ಲಿ ಟೈಪ್ ಮಾಡಿದಳು. ಹುಡುಗಿಯರು ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು.

"ಬರೆದದ್ದು ಸರಿಯಿಲ್ಲ ಅಂತಿದೆ ಅಕ್ಕ" ಎಂದಳು ಒಬ್ಬಳು.

ಎರಡನೇ ಸಲವೂ ಅದೇ. ಮೂರನೇ ಸಲವೂ ಅದೇ. "ಹೋಗ್ಲಿ ಬಿಡಿ ಅಕ್ಕ" ಎಂದರು ಹುಡುಗಿಯರು. ದೊಡ್ಡಮ್ಮ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪುಸ್ತಕದ ಬೆನ್ನು ಬರೆಯುವಾಗ ಮಾಡುವಂತೆ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನೋಡಿದಳು. ಒಂದು ಕಡೆ ಬೆರಳು ನಿಂತಿತು. ಫೋನ್ ಎತ್ತಿಕೊಂಡಳು.

"ಈ ಜೆ ಅಕ್ಷರ ಆದ್ಮೇಲೆ ಜಾಗ ಬಿಡ್ಬೇಕಾ, ಬೇಡ್ವಾ? ನೀವು ಒತ್ತೊತ್ತಾಗಿ ಬರೆದಿದ್ದೀರಿ."

"ಅಯ್ಯೋ, ಬಿಡ್ಬೇಕು ಅಕ್ಕ! ಅವಸರದಲ್ಲಿ ಅಂಟಿಸಿಬಿಟ್ಟಿದ್ದೀನಿ."

ನಾಲ್ಕನೇ ಸಲ ಯಂತ್ರ ತಕರಾರು ತೆಗೆಯಲಿಲ್ಲ. ಬ್ರೌಸರ್ ತೆರೆದರು. ಹೃದಯದ ಚಿತ್ರ, ನಾಲ್ಕು ಕವಾಟಗಳ ಸಮೇತ, ತಟ್ಟನೆ ಬಂತು. ಸಿ ಡ್ರೈವಿನಲ್ಲಿ ಜಾಗ ಇದ್ದ ಹಾಗೇ ಇತ್ತು. ಹುಡುಗಿಯರ ಕೇಕೆಗೆ ಗ್ರಂಥಪಾಲಕರು ಓಡಿ ಬಂದು, ಇದು ಓದುವ ಕೋಣೆಯೋ ಸಂತೆಯೋ ಎಂದು ಗದರಿದರು. ವಿಷಯ ಕೇಳಿದ ಮೇಲೆ ಕುರ್ಚಿ ಎಳೆದುಕೊಂಡು, ಎಲ್ಲಿ ಇನ್ನೊಮ್ಮೆ ತೋರಿಸಿ ಎಂದು ತಾವೇ ಕೂತರು.

ಆ ಹುಡುಗಿಯರಲ್ಲಿ ಇಬ್ಬರು ಆ ಸಲವೇ ಪಾಸಾದರು, ಅತ್ತವಳು ಮುಂದಿನ ಸಲ. ರಿಪೇರಿಯವನು ಈ ಉಪಾಯವನ್ನು ಬೇರೆ ಹಳೆಯ ಕಂಪ್ಯೂಟರುಗಳಿಗೂ ಮಾಡಿಕೊಟ್ಟ. ಯಾರಾದರೂ ಹೊಗಳಿದರೆ "ಇದನ್ನ ನನ್ನಿಂದ ಮಾಡಿಸಿದ್ದು ರಟ್ಟಿನಕ್ಕ" ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. ಅವನ ದೊಡ್ಡತನಕ್ಕೂ ಒಂದು ಮಾತು ಸಲ್ಲಬೇಕು.

ಡಿ ಡ್ರೈವೂ ಒಂದು ದಿನ ತುಂಬುತ್ತದೆ ಎಂಬುದು ದೊಡ್ಡಮ್ಮನಿಗೆ ಗೊತ್ತಿತ್ತು. ತಿಂಗಳಿಗೊಮ್ಮೆ ಇಣುಕಿ ನೋಡಿ ಎಷ್ಟು ಉಳಿದಿದೆ ಎಂದು ಬರೆದಿಡುತ್ತಿದ್ದಳು. ಮನೆಯಲ್ಲಿ ದೊಡ್ಡಪ್ಪ ಕೆಣಕುತ್ತಿದ್ದ: "ಊರಿನ ಕಂಪ್ಯೂಟರಿಗೆಲ್ಲ ಜಾಗ ಮಾಡಿಕೊಡ್ತೀಯ, ನಮ್ಮ ಅಟ್ಟ ಯಾವಾಗ ಖಾಲಿಯಾಗೋದು?"

"ಅಟ್ಟದ ತುಂಬ ನಿಮ್ಮ ಕೆಟ್ಟ ರೇಡಿಯೋಗಳೇ ಇರೋದು" ಎಂದು ದೊಡ್ಡಮ್ಮ ತಲೆಯೆತ್ತದೆ ಹೇಳುತ್ತಿದ್ದಳು. "ಅವನ್ನ ಸಾಗಿಸೋದಲ್ಲ, ಅಳಿಸೋದೇ ಸರಿ."