ಬೆಟ್ಟದ ಮೇಲೆ ಬಿಟ್ಟ ಪಾರಿವಾಳಗಳು

ಕೊರೋನಾ ಬಂದ ವರ್ಷ ನಾನು ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ನಲ್ಲಿ, ಮೈಸೂರಿನ ಗೆಳತಿಯೊಬ್ಬಳ ಜೊತೆ ಬಾಡಿಗೆ ಮನೆಯಲ್ಲಿದ್ದೆ. ಮಾಸ್ಟರ್ಸ್ ಮುಗಿಸಿ, ಔಷಧಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಇಬ್ಬರೂ ಕೆಲಸಕ್ಕೆ ಸೇರಿದ್ದೆವು. ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದರೂ ನಮ್ಮ ಕಾರ್ಖಾನೆ ನಿಲ್ಲಲಿಲ್ಲ. ಮಧ್ಯಾಹ್ನ ಎರಡಕ್ಕೆ ಶಿಫ್ಟ್, ಬೆಳಗ್ಗೆಯೆಲ್ಲ ಬಿಡುವು.

ಹಿತ್ತಲ ಗೋಡೆಯ ಆಚೆ ಒಬ್ಬ ಅಜ್ಜ ಇದ್ದರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಮರದ ಗೂಡು ಕಟ್ಟಿ, ಎಷ್ಟೇ ದೂರ ಬಿಟ್ಟರೂ ಗೂಡಿಗೆ ಮರಳುವ ಪಂದ್ಯದ ಪಾರಿವಾಳ ಸಾಕಿದ್ದರು. ಬೇಕರಿಯಲ್ಲಿ ಜೀವಮಾನವೆಲ್ಲ ಹಿಟ್ಟಿನ ಧೂಳು ಕುಡಿದು ಅವರ ಶ್ವಾಸಕೋಶ ಕೆಟ್ಟಿತ್ತು. ವಯಸ್ಸಾದವರು ಹೊರಗೆ ಬರಬಾರದೆಂದು ಸರ್ಕಾರ ಬೇರೆ ಹೇಳಿತ್ತು. ಒಂದು ದಿನ ಗೋಡೆಯ ಮೇಲಿಂದ ಇಣುಕಿ, ಕಾಳಿನ ಚೀಲ ತಂದುಕೊಡುತ್ತೀಯಾ ಎಂದು ಕೇಳಿದರು. ತಂದು ಗೋಡೆಯ ಮೇಲಿಟ್ಟು ಹಿಂದೆ ಸರಿದೆ. ಅಲ್ಲಿಂದ ಮಾತು ಬೆಳೆಯಿತು. ಅವರದು ಅಪ್ಪಟ ಡಬ್ಲಿನ್ನಿನ ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿಯೇ ಕೂತಿದೆ.

ಮೋಡ ಕವಿದ ಒಂದು ಬೆಳಗ್ಗೆ ಒಂದು ವಾಕ್ಯ ಮುಗಿಸಲು ಅವರು ಮೂರು ಸಲ ನಿಂತರು. "ಇವತ್ತು ಗಾಳಿ ಭಾರ" ಎಂದರು.

"ನಿಜ ಹೇಳ್ಬೇಕಂದ್ರೆ ತೇವ ಇರೋ ಗಾಳಿ ಒಣ ಗಾಳಿಗಿಂತ ಹಗುರ" ಎಂದೆ. ಓದಿದವಳೆಂಬ ಜಂಬ.

"ಅದನ್ನ ನನ್ನ ಎದೆಗೆ ಹೇಳು" ಎಂದು ಕೆಮ್ಮುತ್ತಲೇ ನಕ್ಕರು. ಆಮೇಲೆ ಗೂಡಿನ ಕಡೆ ಕೈ ತೋರಿಸಿದರು. "ಇವಕ್ಕೂ ಗೊತ್ತಾಗುತ್ತೆ. ತಣ್ಣನೆ ಗಾಳಿ ರೆಕ್ಕೆನ ಎತ್ತಿ ಹಿಡಿಯುತ್ತೆ, ಆದ್ರೆ ಎದೆಗೆ ಅಡ್ಡ ನಿಲ್ಲುತ್ತೆ. ಬಿಸಿ ಗಾಳಿ ದಾರಿ ಬಿಡುತ್ತೆ, ಆದ್ರೆ ಹಿಡಿತ ಕೊಡಲ್ಲ."

ಒಳಗೆ ಹೋಗಿ ಹುಡುಕಿ ಓದಿದೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬಿಸಿಯಾದಷ್ಟೂ, ಮೇಲೇರಿದಷ್ಟೂ ಗಾಳಿ ತೆಳುವಾಗುತ್ತದೆ. ಒತ್ತಿ ಏಳಲು ರೆಕ್ಕೆಗೆ ಸಿಗುವುದು ಕಡಿಮೆ, ಬಡಿಯಬೇಕಾದದ್ದು ಹೆಚ್ಚು. ಶಾಲೆ ಮೆಟ್ಟಿಲು ಹತ್ತದ ವಯಸ್ಸಿನಿಂದ ಪಾರಿವಾಳ ನೋಡಿದ ಮನುಷ್ಯನನ್ನು ತಿದ್ದಲು ಹೋದೆನಲ್ಲ ಎಂದು ನಾಚಿಕೆಯಾಯಿತು.

ಬೇಸಿಗೆಗೆ ಜಿಲ್ಲೆಯೊಳಗೆ ಓಡಾಡಲು ಅನುಮತಿ ಸಿಕ್ಕಿತು. ಹಕ್ಕಿಗಳು ದೂರ ಹಾರಿ ತಿಂಗಳುಗಳಾಗಿದ್ದವು. ಹನ್ನೆರಡು ಹಕ್ಕಿಗಳನ್ನು ಬೆತ್ತದ ಬುಟ್ಟಿಯಲ್ಲಿ ತುಂಬಿ, ದಕ್ಷಿಣದ ಬೆಟ್ಟದಿಂದ ಬಿಟ್ಟು ಬರಲು ಅಜ್ಜ ನಮ್ಮನ್ನು ಕೇಳಿದರು. ಗೆಳತಿಯ ಹಳೆಯ ಕಾರಿತ್ತು. ಅವರ ಷರತ್ತು ಒಂದೇ: ದೂರದ ಬಂದರಿನ ಎರಡು ಎತ್ತರದ ಹೊಗೆ ಚಿಮಣಿಗಳೂ ಕಣ್ಣಿಗೆ ಕಾಣುವ ತನಕ ಬುಟ್ಟಿಯ ಮುಚ್ಚಳ ತೆಗೆಯಕೂಡದು.

ಬೆಟ್ಟದ ಮೇಲೆ ಮಂಜು. ಕಾಯುತ್ತಾ ಅವರಿಗೆ ಫೋನ್ ಮಾಡಿ, "ಎಷ್ಟು ಎತ್ತರ ಇದು?" ಎಂದೆ. ಐನೂರು ಮೀಟರಿಗೆ ಸ್ವಲ್ಪ ಹೆಚ್ಚು ಎಂದರು, ಹೆಮ್ಮೆಯಿಂದ.

"ನಮ್ಮ ಬೆಂಗಳೂರು ಒಂಬೈನೂರು ಮೀಟರ್ ಎತ್ತರದಲ್ಲಿದೆ."

"ಬೆಟ್ಟಾನಾ?"

"ಅಲ್ಲ, ಊರು. ಬಸ್ಸು, ಟ್ರಾಫಿಕ್ಕು ಎಲ್ಲಾ ಇರೋ ಊರು."

"ಸುಮ್ನೆ ಹೇಳ್ಬೇಡ!" ಎಂದರು. ನನಗೂ ಅದು ಹೊಳೆದದ್ದು ಆಗಲೇ. ಡಬ್ಲಿನ್ನಿನ ಯಾವ ಬೆಟ್ಟದ ತುದಿಗಿಂತಲೂ ಎತ್ತರದಲ್ಲಿ, ತೆಳುಗಾಳಿಯಲ್ಲಿ ಹುಟ್ಟಿ ಬೆಳೆದಿದ್ದೆ. ಒಂದು ದಿನವೂ ಹಾಗೆಂದು ಅನ್ನಿಸಿರಲಿಲ್ಲ.

ಗಂಟೆ ಹನ್ನೆರಡೂವರೆ ಆಯಿತು. "ಶಿಫ್ಟ್‌ಗೆ ಲೇಟಾಗುತ್ತೆ ಕಣೇ" ಎಂದಳು ಗೆಳತಿ. ಮಂಜು ಸ್ವಲ್ಪ ಸರಿದು ಒಂದು ಚಿಮಣಿ ಮಸುಕಾಗಿ ಕಂಡಿತು. ಮತ್ತೆ ಫೋನ್ ಮಾಡಿದೆ.

"ಎರಡೂ ಕಾಣ್ತಿದೆಯಾ?"

"ಕಾಣ್ತಿದೆ" ಎಂದೆ.

ಬುಟ್ಟಿ ತೆಗೆದೆ. ಹಕ್ಕಿಗಳು ಆಕಾಶಕ್ಕೇರುತ್ತವೆ ಅಂದುಕೊಂಡಿದ್ದೆ. ಅವು ನಮ್ಮ ಕಾಲ ಕೆಳಗಿನ ಕಣಿವೆಗೆ ಧುಮುಕಿದವು.

"ಅಯ್ಯೋ, ಬಿದ್ದೋದ್ವಲ್ಲೇ!" ಎಂದು ಗೆಳತಿ ಕೂಗಿದಳು.

ಬಿದ್ದಿರಲಿಲ್ಲ. ಹುಲ್ಲಿಗೆ ಅಂಟಿಕೊಂಡಂತೆ ಹಾರುತ್ತಿದ್ದವು. ಹಾರುವ ಹಕ್ಕಿಯ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಫೋನಿನಲ್ಲಿ ಅಜ್ಜನಿಗೆ ಹೇಳಿದಾಗ, "ಗ್ರ್ಯಾಂಡ್! ಎದುರುಗಾಳಿ ಇದೆ. ಮೇಲೆ ಅದು ಜೋರು, ನೆಲದ ಹತ್ತಿರ ನಿಧಾನ. ಜಾಣ ಹಕ್ಕಿಗಳು" ಎಂದು ಖುಷಿಪಟ್ಟರು.

ಸಂಜೆಯ ಹೊತ್ತಿಗೆ ಹನ್ನೊಂದು ಬಂದಿದ್ದವು. ಬರದೇ ಹೋದದ್ದು ನೀಲಿ ಕತ್ತಿನ ಹೆಣ್ಣು, ಅಜ್ಜನ ಹೆಂಡತಿ ಕೈಯಲ್ಲಿ ಕಾಳು ತಿನ್ನಿಸಿ ಬೆಳೆಸಿದ್ದು. ಅಜ್ಜ ದಿನವೂ ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು ದಕ್ಷಿಣಕ್ಕೆ ನೋಡುತ್ತಿದ್ದರು. ಗೋಡೆಯ ಈಚೆಯಿಂದ ನೋಡಿ ನೋಡಿ, ನಾಲ್ಕನೇ ದಿನ ನನಗೆ ತಡೆಯಲಾಗಲಿಲ್ಲ.

"ಅವತ್ತು ನನಗೆ ಕಂಡಿದ್ದು ಒಂದೇ ಚಿಮಣಿ" ಎಂದೆ.

"ಗೊತ್ತಿತ್ತು. ನೀನು ಉತ್ತರ ಕೊಟ್ಟಿದ್ದು ತುಂಬಾ ಬೇಗ ಆಯ್ತು" ಎಂದರು. ದಕ್ಷಿಣದಿಂದ ಕಣ್ಣು ತೆಗೆಯದೆ, "ಮಂಜು ಕಂಡ್ರೆ ಕೆಲವು ಹಕ್ಕಿ ಅದರ ಮೇಲೆ ಏರೋಕ್ಕೆ ನೋಡ್ತವೆ. ಅಲ್ಲಿ ಗಾಳಿ ಎತ್ತಲೋ ಒಯ್ಯುತ್ತೆ. ನೆಲ ಕಾಣಲ್ಲ, ದಣಿವು ಬೇರೆ" ಎಂದರು. ಎದ್ದು ಒಳಗೆ ಹೋದರು.

ಒಂದು ವಾರ ಮಾತಿಲ್ಲ. ನಾನು ಗೋಡೆಯ ಮೇಲೆ ಕಾಳು ಇಡುತ್ತಿದ್ದೆ. ಯಾವಾಗಲೋ ಅವರು ತೆಗೆದುಕೊಳ್ಳುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ವಯಸ್ಸಾದವರ ಮೇಲಿನ ನಿರ್ಬಂಧ ಸಡಿಲವಾದ ಮೇಲೆ ಒಂದು ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಅಜ್ಜ ಮಾಸ್ಕ್ ಹಾಕಿಕೊಂಡು, ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ದೂರ ನಿಂತಿದ್ದರು. "ಈ ಸಲ ನಾನೂ ಬರ್ತೀನಿ" ಎಂದರು.

ಕಾರಿನ ನಾಲ್ಕೂ ಕಿಟಕಿ ಇಳಿಸಿಕೊಂಡು ಹೋದೆವು. ಬೆಟ್ಟದ ಮೇಲೆ ಹತ್ತು ಹೆಜ್ಜೆ ನಡೆದು ಒಂದು ಬಂಡೆಯ ಮೇಲೆ ಕೂತರು. ಮೂರು ವರ್ಷದಿಂದ ಇಲ್ಲಿಗೆ ಬಂದಿರಲಿಲ್ಲವಂತೆ. ಆ ದಿನವೂ ಮಂಜಿತ್ತು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆಯಾಯಿತು. ಒಂದು ಚಿಮಣಿ ಕಂಡಾಗ ನಾನು ಅವರ ಮುಖ ನೋಡಿದೆ. ಅವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡರು, ಅಷ್ಟೇ. ಎರಡನೆಯದೂ ಕಂಡು, ಅದರಾಚೆ ಸಮುದ್ರದ ಗೆರೆಯೂ ಕಾಣತೊಡಗಿದ ಮೇಲೆ, "ಈಗ ನೀನು ತೆಗಿ" ಎಂದರು.

ಬುಟ್ಟಿಯನ್ನು ಅವರ ಕಡೆ ಸರಿಸಿದೆ. "ನೀವೇ ತೆಗೀರಿ."

"ನನಗೆ ಬಗ್ಗಿದ್ರೆ ಉಸಿರು ಸಿಗಲ್ಲ ಮಗಳೇ. ತೆಗಿ."

ಹಕ್ಕಿಗಳು ಈ ಸಲ ಮೇಲೆದ್ದವು. ಹಿಂದಿನಿಂದ ಗಾಳಿ ಬೀಸುತ್ತಿತ್ತು. ಅವು ಚುಕ್ಕಿಗಳಾಗುವ ತನಕ ಅಜ್ಜ ಬಾಯಿ ತೆರೆದು, ಕತ್ತು ಎತ್ತಿ ನೋಡುತ್ತಿದ್ದರು. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಎದೆಯ ಸಿಳ್ಳೆ ನಮಗೆ ಕೇಳುತ್ತಿತ್ತು. ಗೆಳತಿ ರೇಡಿಯೋ ನಿಲ್ಲಿಸಿ ಕಾರನ್ನು ನಿಧಾನವಾಗಿ ಇಳಿಜಾರಿಗೆ ಬಿಟ್ಟಳು.