ಎದೆಮಟ್ಟದ ಕೆಳಗಿನ ಕಾಡು

ಕೋವಿಡ್ ಮುಗಿದ ಎರಡನೇ ಚಳಿಗಾಲ. ಆಗ ನಾನು ಕೋಲ್ಕತ್ತದ ಸಂಸ್ಥೆಯೊಂದರಲ್ಲಿ ಅರಣ್ಯ ಪುನಶ್ಚೇತನದ ಹಿರಿಯ ಸಲಹೆಗಾರ. ಹುದ್ದೆಯ ಹೆಸರಿನಷ್ಟು ಉದ್ದದ ಅಧಿಕಾರವೇನೂ ಇರಲಿಲ್ಲ; ಸಹಿ ಮಾತ್ರ ನಡೆಯುತ್ತಿತ್ತು. ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಪಕ್ಕದ ನಮ್ಮ ಕಚೇರಿಯಲ್ಲಿ ತಿಂಗಳಿಗೊಂದು ಶನಿವಾರ ತರಗತಿ. ಪುರುಲಿಯಾ ಕಡೆಯ ಜಮೀನಿನ ಒಡೆಯರೂ ನಮ್ಮಂಥ ಪದವೀಧರರೂ ಒಂದೇ ಬೆಂಚಿನಲ್ಲಿ ಕೂತು ಪರಸ್ಪರರಿಂದ ಕಲಿಯಬೇಕೆಂಬುದು ನಿಯಮ. ಅದನ್ನು ಬರೆದವನು ನಾನೇ ಆದ್ದರಿಂದ ನನಗೂ ಅದು ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಆ ಶನಿವಾರ ಎದುರಿಗೆ ಕೂತಿದ್ದ ಮಾಲತಿ ಮಾಹಾತೋ ಅವರಿಗೆ ಐವತ್ತರ ಆಸುಪಾಸು. ಊರಾಚೆಯ ಗುಡ್ಡದ ಇಳಿಜಾರಿನಲ್ಲಿ ಮೂರು ಬೀಘಾ, ಅಂದರೆ ಸುಮಾರು ಒಂದು ಎಕರೆ ಜಾಗ. ಹಿಂದಿನ ತಿಂಗಳು ನಾನೇ ಹೋಗಿ ಸಮೀಕ್ಷೆ ಮಾಡಿ 'ಖಾಲಿ' ಎಂದು ಬರೆದು ಬಂದಿದ್ದೆ. ಸೋಮವಾರ ಯಂತ್ರ ಬಂದು ಸಾಲಾಗಿ ಗುಂಡಿ ತೋಡಬೇಕು, ಅಕೇಶಿಯಾ ಸಸಿ ನೆಡಬೇಕು. ಬಾಕಿ ಇದ್ದದ್ದು ಒಪ್ಪಿಗೆ ಪತ್ರಕ್ಕೆ ಆಕೆಯ ಸಹಿ.

ನಮ್ಮ ಶಾಸ್ತ್ರದಲ್ಲಿ ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯುತ್ತಾರೆ. ಅದಕ್ಕಿಂತ ಗಿಡ್ಡಗಿರುವುದು ನನ್ನ ರಿಜಿಸ್ಟರಿನ ಪಾಲಿಗೆ ಹುಟ್ಟಿಯೇ ಇಲ್ಲ. ಮೂವತ್ತು ವರ್ಷ ಈ ವ್ರತವನ್ನು ನೆಟ್ಟಗೆ ನಿಂತೇ ಪಾಲಿಸಿದ್ದೆ.

ಮಾಲತಿ ಪೆನ್ನು ಮುಟ್ಟಲಿಲ್ಲ. ಹೆಗಲ ಗಮ್ಛಾ ವಸ್ತ್ರದ ಗಂಟು ಬಿಚ್ಚಿ, ಮಣ್ಣು ಮೆತ್ತಿದ ಬೇರಿನ ಗಡ್ಡೆಯೊಂದನ್ನು ನನ್ನ ನಕ್ಷೆಯ ಮೇಲೇ ಇಟ್ಟರು. ಒಂದು ಕಡೆ ಯಂತ್ರ ಕತ್ತರಿಸಿದ ಹಸಿ ಗಾಯ. ತಲೆಯ ಮೇಲೆ ಬೆರಳುದ್ದದ ನಾಲ್ಕು ಕೆಂಪು ಚಿಗುರು. ಸಾಲ್ ಮರದ, ಅಂದರೆ ಶಾಲವೃಕ್ಷದ, ಬೇರು.

"ಡ್ರೈವರ್ ಮೊನ್ನೆ ಯಂತ್ರ ತಂದು ಅಳತೆ ನೋಡೋಕೆ ಒಂದು ಗುಂಡಿ ತೋಡಿದ, ಅಲ್ಲಿ ಸಿಕ್ತು," ಎಂದರು ಬಂಗಾಳಿಯಲ್ಲಿ. "ಖಾಲಿ ಜಾಗದಲ್ಲಿ ಇದೇನು, ಮಾಸ್ಟರ್‌ಮಶಾಯ್?"

ಆಕೆಯ ಮಾವನ ಕಾಲದಲ್ಲಿ ಅಲ್ಲಿ ಸಾಲ್ ತೋಪು ಇತ್ತಂತೆ. ಮರ ಕಡಿದರೂ ಬೇರು ಸತ್ತಿಲ್ಲ. ವರ್ಷವರ್ಷವೂ ಚಿಗುರುತ್ತದೆ, ವರ್ಷವರ್ಷವೂ ಆಡು ಮೇಯುತ್ತದೆ. ಯಂತ್ರ ಸಾಲಾಗಿ ತೋಡಿದರೆ ಆ ಬೇರೂ ಉಳಿಯುವುದಿಲ್ಲ.

"ಆವತ್ತೇ ಯಾಕೆ ಹೇಳಲಿಲ್ಲ?" ಎಂದೆ, ಆಪಾದನೆಯನ್ನು ಸಾಧ್ಯವಾದಷ್ಟು ಅತ್ತ ತಳ್ಳುತ್ತ.

"ನೀವು ದುರ್ಬೀನಿನಲ್ಲಿ ನೋಡ್ತಾ ಇದ್ರಿ. ನಾನು ನಿಮ್ಮ ಕಾಲ ಹತ್ತಿರ ತೋರಿಸ್ತಾ ಇದ್ದೆ."

ನಕ್ಷೆ ತಯಾರಿಸುವ ಶಬಾನಾ ಧಾರವಾಡದ ಹುಡುಗಿ. ಪಕ್ಕದಿಂದ ಕನ್ನಡದಲ್ಲಿ ಹೇಳಿದಳು: "ಸರ್, ಬಗ್ಗಿ ನೋಡಲಿಲ್ರಿ ನೀವು."

"ಗೊತ್ತಾಯ್ತಮ್ಮ, ಮೆಲ್ಲಗೆ ಹೇಳು."

"ಇಲ್ಲಿ ಯಾರಿಗ್ರಿ ಕನ್ನಡ ತಿಳೀತದ?"

ನಿಜ. ಆದರೆ ನನ್ನ ಮುಖ ಎಲ್ಲ ಭಾಷೆಯಲ್ಲೂ ಓದಿಸಿಕೊಳ್ಳುತ್ತಿತ್ತು.

ಆ ರಾತ್ರಿಯ ರೈಲು ಹಿಡಿದು ಭಾನುವಾರ ನಾನು, ಶಬಾನಾ ಆ ಗುಡ್ಡದಲ್ಲಿದ್ದೆವು. ಅಳತೆಯ ಕೋಲನ್ನು ನೆಲಕ್ಕೆ ಮಲಗಿಸಿ, ಪ್ಯಾಂಟಿನ ಮರ್ಯಾದೆ ಬಿಟ್ಟು, ಮೊಣಕಾಲೂರಿ ತೆವಳಿದೆ. ಮಾಲತಿ ಮುಂದೆ ಮುಂದೆ ಹುಲ್ಲು ಸರಿಸಿ ತೋರಿಸುತ್ತ ಹೋದರು. ಊಟದ ಹೊತ್ತಿಗೆ ನೂರಾ ಹನ್ನೊಂದು ಜೀವಂತ ಬುಡ ಎಣಿಸಿದ್ದೆವು. ಅಲ್ಲಿಂದಲೇ ನಿರ್ದೇಶಕರಿಗೆ ಫೋನ್ ಮಾಡಿ ಯಂತ್ರ ಬೇಡವೆಂದೆ.

"ಖಾಲಿ ಅಂತ ಸಹಿ ಮಾಡಿದ್ದು ನೀವೇ ಅಲ್ವಾ?" ಎಂದರು ಅವರು.

"ಹೌದು. ಅದಕ್ಕೇ ವಾಪಸ್ ತೆಗೆದುಕೊಳ್ಳುವವನೂ ನಾನೇ."

ಹೊಸ ಯೋಜನೆ ಅರ್ಧ ಪುಟ: ಬೇಲಿ, ಬುಡಕ್ಕೆ ಎರಡೇ ಚಿಗುರು ಉಳಿಸುವುದು, ತರಗೆಲೆಗೆ ಬೆಂಕಿ ಇಲ್ಲ, ಮೂರು ಮಳೆಗಾಲ ಆಡು ಇಲ್ಲ.

"ಆಡು ಯಾರದು?" ಎಂದೆ.

"ನಾದಿನಿಯದು." ಮಾಲತಿ ಸೆರಗು ಸಿಕ್ಕಿಸಿಕೊಂಡರು. "ಅವಳು ನನ್ನ ಜೊತೆ ಮಾತು ಬಿಟ್ಟರೂ ಬಿಡಲಿ. ಬೇಲಿ ಮಾತ್ರ ನಾನು ಬಿಡಲ್ಲ."

ನಾದಿನಿ ಮಾತು ಬಿಟ್ಟರು. ಮಾಲತಿ ಬೇಲಿ ಬಿಡಲಿಲ್ಲ.

ಬಗ್ಗಿ ನೋಡದೆ ಯಾವ ನೆಲವನ್ನೂ ಖಾಲಿ ಎನ್ನಬಾರದು. ಇಷ್ಟನ್ನು ಕಲಿಯಲು ನನಗೆ ಮೂವತ್ತು ವರ್ಷದ ಸೇವೆಯೂ ಒಂದು ಪ್ಯಾಂಟೂ ಬೇಕಾದವು. ಮೂರನೇ ಮಳೆಗಾಲ ಮುಗಿದ ಮೇಲೆ ಮಾಲತಿ ಫೋನ್ ಮಾಡಿದರು.

"ಬನ್ನಿ ಮಾಸ್ಟರ್‌ಮಶಾಯ್, ಈ ಸಲ ನಿಂತುಕೊಂಡೇ ಎಣಿಸಬಹುದು."